ನವೀಕರಣ: ಸರ್ಟಿಫಿಕೇಟಿಗೆ ಹೊಂದದ ಪದ

“ಸರ್ಟಿಫಿಕೇಟ್ ನವೀಕರಣ ಆಗಿದೆ, ಆದರೂ ಸೈಟ್ ತೆರೆದರೆ ಅವಧಿ ಮುಗಿದಿದೆ ಅಂತ ಬರ್ತಿದೆ.” ತುಮಕೂರು, ತಿಪಟೂರು ಕಡೆ ಸಹಕಾರ ಸಂಘ, ಕಾಲೇಜು, ಮಂಡಿ ವರ್ತಕರ ವೆಬ್‌ಸೈಟ್ ನೋಡಿಕೊಳ್ಳುವವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ನಿರ್ವಹಣೆಯ ಕರಾರು ಪತ್ರಗಳಲ್ಲಿ ಇದರದೇ ಇನ್ನೊಂದು ರೂಪ: “ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನು ಕಾಲಕಾಲಕ್ಕೆ ನವೀಕರಿಸಿ ಅವಧಿ ವಿಸ್ತರಿಸತಕ್ಕದ್ದು.” ಸೈಟ್ ನಿಜವಾದದ್ದೇ ಎಂದು ಬ್ರೌಸರಿಗೆ ತೋರಿಸುವ, ಗಡುವು ಇರುವ ಡಿಜಿಟಲ್ ಗುರುತುಪತ್ರವೇ ಈ ಸರ್ಟಿಫಿಕೇಟ್. ಎರಡೂ ಮಾತುಗಳಲ್ಲಿ ಇರುವ ತಪ್ಪು ಒಂದೇ. ಸರ್ಟಿಫಿಕೇಟಿನ ಅವಧಿಯನ್ನು ಯಾರೂ ವಿಸ್ತರಿಸಲಾರರು. ಅದನ್ನು ಕೊಟ್ಟ ಸಂಸ್ಥೆಗೂ ಅದು ಆಗದ ಕೆಲಸ.

ತಪ್ಪಿನ ಬೇರು ಪದದೊಳಗೇ ಇದೆ. ನವೀಕರಣ ಎಂಬುದು ಸಂಸ್ಕೃತದ ‘ಚ್ವಿ’ ಪ್ರತ್ಯಯದಿಂದ ಆದದ್ದು. ‘ನವ’ದ ಕೊನೆಯ ಅಕಾರ ಈಕಾರವಾಗಿ ಮುಂದೆ ‘ಕರಣ’ ಸೇರುತ್ತದೆ. ಪ್ರತ್ಯಯ ಮಾತ್ರ ಪೂರ್ತಿ ಲೋಪವಾಗಿ, ಬಂದು ಹೋದ ಗುರುತಿಗೆ ಆ ಈಕಾರವನ್ನಷ್ಟೇ ಉಳಿಸಿಹೋಗುತ್ತದೆ. ಪಾಣಿನಿಯ ಸೂತ್ರ 5.4.50 ಇದನ್ನು ವಿಧಿಸುತ್ತದೆ. ಅರ್ಥವನ್ನು ವೈಯಾಕರಣರು ‘ಅಭೂತತದ್ಭಾವ’ ಎಂದರು. ಮೊದಲು ಹಾಗಿರದಿದ್ದದ್ದು ಈಗ ಹಾಗಾಗುವುದು ಎಂದರ್ಥ. ಮಾಸಿದ ಬಟ್ಟೆ ಬಿಳುಪಾದರೆ ಶುಕ್ಲೀಕರಣ. ಬಟ್ಟೆ ಅದೇ, ಬದಲಾದದ್ದು ಬಣ್ಣ. ಚ್ವಿಗೆ ಬೇಕಾದದ್ದು ಇಷ್ಟೇ: ಹಿಂದೆಯೂ ಇದ್ದು, ಮುಂದೆಯೂ ಉಳಿಯುವ ಒಂದು ವಸ್ತು.

ಕನ್ನಡ ಈ ಅಚ್ಚನ್ನು ಎತ್ತಿಕೊಂಡು ತನ್ನದೇ ಪದಗಳನ್ನು ಎರಕ ಹೊಯ್ಯಿತು. ಡಾಂಬರಿಗೂ ಸಂಸ್ಕೃತಕ್ಕೂ ಸಂಬಂಧವಿಲ್ಲ, ಆದರೂ ಡಾಂಬರೀಕರಣ ನಮಗೆ ಸಲೀಸು. ಕನ್ನಡೀಕರಣ, ಖಾಸಗೀಕರಣ ಎಲ್ಲವೂ ಹೀಗೇ ಹುಟ್ಟಿದವು. ಅರ್ಥವೂ ಕೆಟ್ಟಿಲ್ಲ: ಡಾಂಬರು ಬೀಳುವುದು ನಿನ್ನೆ ಮಣ್ಣಾಗಿದ್ದ ಅದೇ ರಸ್ತೆಗೆ. ತುಮಕೂರಿನ ಅಮಾನಿಕೆರೆಯ ನವೀಕರಣ ಎಂದರೆ ಅದೇ ಕೆರೆ, ಅದೇ ಏರಿ. ಹೊಸ ಕೆರೆ ತೋಡಿದರು ಎಂದು ಯಾರೂ ತಿಳಿಯುವುದಿಲ್ಲ. ಡ್ರೈವಿಂಗ್ ಲೈಸೆನ್ಸ್ ನವೀಕರಣದಲ್ಲಿ ನಂಬರ್ ಅದೇ ಇರುತ್ತದೆ, ತಾರೀಖು ಮುಂದಕ್ಕೆ ಹೋಗುತ್ತದೆ. ಇವೆಲ್ಲ ಪದದ ಸರಿಯಾದ ಬಳಕೆಗಳು.

ವೆಬ್‌ಸೈಟಿನ ಸರ್ಟಿಫಿಕೇಟಿಗೆ ಈ ಲೆಕ್ಕ ಹಿಡಿಯುವುದಿಲ್ಲ. ಡೊಮೇನ್ ಹೆಸರು, ಸಾರ್ವಜನಿಕ ಕೀಲಿ, ಕ್ರಮಸಂಖ್ಯೆ, ಆರಂಭದ ತಾರೀಖು, ಗಡುವಿನ ತಾರೀಖು, ಇಷ್ಟನ್ನೂ ಒಟ್ಟಿಗೆ ಸೇರಿಸಿ ಅದರ ಮೇಲೆ ಡಿಜಿಟಲ್ ಸಹಿ ಬೀಳುತ್ತದೆ. ಆಮೇಲೆ ಒಂದು ಅಂಕಿ ಅತ್ತಿತ್ತ ಆದರೂ ಸಹಿ ಸುಳ್ಳಾಗುತ್ತದೆ. ತಿದ್ದುವುದಕ್ಕೆ ಜಾಗವೇ ಇಲ್ಲದ ವಸ್ತು ಅದು. ಉಚಿತ ಸರ್ಟಿಫಿಕೇಟ್ ಪಡೆಯುವ ಆಕ್ಮೆ ಎಂಬ ನಿಯಮಾವಳಿ 2019ರ ಮಾರ್ಚಿನಲ್ಲಿ ಆರ್‌ಎಫ್‌ಸಿ 8555 ಎಂಬ ಅಂತರ್ಜಾಲ ಮಾನದಂಡದ ದಾಖಲೆಯಾಗಿ ಪ್ರಕಟವಾಯಿತು. ಅದು ಈ ಸಂಗತಿಯನ್ನು ನೇರವಾಗಿಯೇ ಹೇಳುತ್ತದೆ: ಸರ್ಟಿಫಿಕೇಟ್ ಬದಲಾಗದ ವಸ್ತು, ನವೀಕರಿಸಿದ್ದು ಬೇಕಾದರೆ ಹೊಸ ಆರ್ಡರ್ ಹಾಕಬೇಕು. ಖಾತೆ ತೆರೆಯಲು, ಆರ್ಡರ್ ಹಾಕಲು, ರದ್ದು ಮಾಡಲು ಅದರಲ್ಲಿ ಬೇರೆ ಬೇರೆ ಕೋರಿಕೆಗಳಿವೆ. ನವೀಕರಣಕ್ಕೆಂದೇ ಒಂದು ಕೋರಿಕೆ ಇಲ್ಲ. ಮೊದಲ ಸಲಕ್ಕೂ ಐವತ್ತನೇ ಸಲಕ್ಕೂ ಹಾದಿ ಒಂದೇ.

ಹಾಗಾದರೆ ಸರ್ಟಿಫಿಕೇಟನ್ನು ತಾವಾಗಿ ತರುವ ಸ್ಕ್ರಿಪ್ಟ್‌ಗಳಲ್ಲಿರುವ ‘ರಿನ್ಯೂ’ ಆಯ್ಕೆ ಯಾವುದು? ಅದು ಸ್ಕ್ರಿಪ್ಟಿನ ಒಳಗಿನ ಅನುಕೂಲ, ಅಷ್ಟೇ. ಆಕ್ಮೆ ಡಾಟ್ ಎಸ್‌ಎಚ್ ಎಂಬ ಶೆಲ್ ಸ್ಕ್ರಿಪ್ಟ್, ಹಿಂದಿನ ಸಲ ಯಾವ ಹೆಸರುಗಳಿಗೆ, ಡೊಮೇನ್ ನಮ್ಮದೇ ಎಂದು ತೋರಿಸುವ ಯಾವ ಬಗೆಯ ಪರೀಕ್ಷೆಯಿಂದ ಸರ್ಟಿಫಿಕೇಟ್ ತಂದೆ ಎಂಬುದನ್ನು ಕಡತದಲ್ಲಿ ನೆನಪಿಟ್ಟುಕೊಂಡು, ಸಮಯ ಹತ್ತಿರ ಬಂದಾಗ ಅದೇ ವಿವರದಿಂದ ಹೊಸ ಆರ್ಡರ್ ಹಾಕುತ್ತದೆ. ಸಂಸ್ಥೆಯ ಕಡೆಯಿಂದ ಬರುವುದು ಬೇರೆ ಕ್ರಮಸಂಖ್ಯೆಯ ಬೇರೆ ಸರ್ಟಿಫಿಕೇಟ್. ಹಳೆಯದು ಅದರಿಂದ ಸಾಯುವುದಿಲ್ಲ. ತನ್ನ ಗಡುವಿನವರೆಗೆ ಅದೂ ಸಿಂಧುವೇ. ಇದನ್ನು ಒಪ್ಪದವರು ಸರ್ಟಿಫಿಕೇಟುಗಳ ಸಾರ್ವಜನಿಕ ದಾಖಲೆಯಲ್ಲಿ ತಮ್ಮ ಡೊಮೇನ್ ಹುಡುಕಿ ನೋಡಲಿ. ಎರಡು ವರ್ಷದಿಂದ ‘ನವೀಕರಿಸುತ್ತಾ’ ಬಂದ ಸೈಟಿನ ಹೆಸರಿನಲ್ಲಿ ಹತ್ತಾರು ಸರ್ಟಿಫಿಕೇಟುಗಳು ಸಾಲಾಗಿ ಕಾಣುತ್ತವೆ, ಪ್ರತಿಯೊಂದಕ್ಕೂ ಪ್ರತ್ಯೇಕ ಸಂಖ್ಯೆ.

ಇದಕ್ಕೆ ಸರಿಯಾದ ಹೋಲಿಕೆ ಲೈಸೆನ್ಸ್ ಅಲ್ಲ, ರೈಲು ಪಾಸು. ತುಮಕೂರಿನಿಂದ ಬೆಂಗಳೂರಿಗೆ ದಿನಾ ಓಡಾಡುವವರು ತಿಂಗಳಿಗೊಮ್ಮೆ ‘ಪಾಸ್ ರಿನಿವಲ್ ಮಾಡಿಸ್ದೆ’ ಅನ್ನುತ್ತಾರೆ. ಕೈಗೆ ಬರುವುದು ಹೊಸ ಪಾಸು. ಅದನ್ನು ಮನೆಯ ಬೀರುವಿನಲ್ಲಿ ಬಿಟ್ಟು, ಜೇಬಿನಲ್ಲಿ ಹೋದ ತಿಂಗಳದ್ದನ್ನೇ ಇಟ್ಟುಕೊಂಡು ರೈಲು ಹತ್ತಿದರೆ ಟಿಸಿ ನೋಡುವುದು ಜೇಬಿನಲ್ಲಿರುವುದನ್ನು.

ಎಂಜಿನ್‌ಎಕ್ಸ್, ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶಗಳೆರಡೂ ಸರ್ಟಿಫಿಕೇಟ್ ಕಡತವನ್ನು ಶುರುವಾಗುವಾಗ ಒಮ್ಮೆ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತವೆ. ಡಿಸ್ಕಿನಲ್ಲಿ ಹೊಸ ಕಡತ ಬಂದು ಕೂತರೂ ರಿಲೋಡ್ ಆಗುವ ತನಕ ಹಳೆಯದನ್ನೇ ಬಡಿಸುತ್ತವೆ. ಮೇಲೆ ಹೇಳಿದ ದೂರಿಗೆ ಸಾಮಾನ್ಯವಾಗಿ ಕಾರಣ ಇದೇ. ಸ್ಕ್ರಿಪ್ಟ್ ಒಂದು ತಿಂಗಳ ಹಿಂದೆಯೇ ತನ್ನ ಕೆಲಸ ಮುಗಿಸಿದೆ, ಸರ್ವರಿಗೆ ಯಾರೂ ತಿಳಿಸಿಲ್ಲ. ಪದವನ್ನು ಲೈಸೆನ್ಸಿನ ಅರ್ಥದಲ್ಲಿ ಹಿಡಿದವರಿಗೆ ಈ ದೋಷ ಹೊಳೆಯುವುದೇ ಇಲ್ಲ. ಇರುವ ಸರ್ಟಿಫಿಕೇಟೇ ಹೊಸದಾಗಿದೆ ಎಂದು ನಂಬಿದ ಮೇಲೆ ಅದನ್ನು ‘ಹಾಕುವ’ ಪ್ರಶ್ನೆ ಎಲ್ಲಿ ಬರುತ್ತದೆ?

ಆದ್ದರಿಂದ ಶೆಲ್ ಸ್ಕ್ರಿಪ್ಟ್ ಬರೆಯುವಾಗ ನವೀಕರಣ ಎಂಬ ಒಂದು ಹೆಜ್ಜೆಯನ್ನು ಒಡೆದು ನಾಲ್ಕು ಮಾಡಿಕೊಳ್ಳಬೇಕು: ತರುವುದು, ಜಾಗಕ್ಕೆ ಇಡುವುದು, ಸರ್ವರ್ ಎಬ್ಬಿಸುವುದು, ಹೊರಗಿನಿಂದ ನೋಡುವುದು. ಆಕ್ಮೆ ಡಾಟ್ ಎಸ್‌ಎಚ್‌ನಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ‘ಇನ್‌ಸ್ಟಾಲ್-ಸರ್ಟ್’ ಎಂಬ ಆಯ್ಕೆ ಇದೆ. ಖಾಸಗಿ ಕೀಲಿ ಎಲ್ಲಿಗೆ, ಪೂರ್ಣ ಸರಪಳಿ ಎಲ್ಲಿಗೆ, ರಿಲೋಡ್ ಆಜ್ಞೆ ಯಾವುದು ಎಂದು ಒಮ್ಮೆ ಹೇಳಿದರೆ ಮುಂದಿನ ಎಲ್ಲ ಸಲಕ್ಕೂ ಅದನ್ನೇ ನೆನಪಿಟ್ಟು ಮಾಡುತ್ತದೆ. ಹೋಮ್ ಡೈರೆಕ್ಟರಿಯ ಒಳಗಿರುವ ಅದರ ಸ್ವಂತ ಫೋಲ್ಡರಿನ ಕಡತಗಳಿಗೆ ಎಂಜಿನ್‌ಎಕ್ಸ್ ಸಂರಚನೆಯಿಂದ ನೇರ ದಾರಿ ಕೊಡಬಾರದು. ಆ ಫೋಲ್ಡರಿನ ರಚನೆ ಮುಂದೆ ಬದಲಾಗಬಹುದು. ರಿಲೋಡಿಗೆ ಮುಂಚೆ ಎಂಜಿನ್‌ಎಕ್ಸಿನ ಪರೀಕ್ಷಾ ಆಜ್ಞೆ ಓಡಿಸಿ, ಅದು ಗೆದ್ದರೆ ಮಾತ್ರ ರಿಲೋಡ್ ಮಾಡುವಂತೆ ಬರೆಯಿರಿ. ಖಾಸಗಿ ಕೀಲಿಯ ಕಡತಕ್ಕೆ 600 ಅನುಮತಿ, ಅಂದರೆ ಮಾಲೀಕನಿಗೆ ಮಾತ್ರ ಓದು-ಬರಹ, ಸಾಕು.

ಪೂರ್ಣ ಸರಪಳಿಯ ಬಗ್ಗೆ ಒಂದು ಮಾತು. ಬರೀ ನಿಮ್ಮ ಡೊಮೇನಿನ ಸರ್ಟಿಫಿಕೇಟನ್ನು ಇಟ್ಟು, ಅದನ್ನು ಬ್ರೌಸರ್ ನಂಬುವ ಮೂಲ ಸರ್ಟಿಫಿಕೇಟಿಗೆ ಬೆಸೆಯುವ ಮಧ್ಯದ ಸರ್ಟಿಫಿಕೇಟನ್ನು ಬಿಟ್ಟರೆ ಕಚೇರಿಯ ಕಂಪ್ಯೂಟರಿನ ಬ್ರೌಸರ್ ಅದನ್ನು ತಾನೇ ಹುಡುಕಿಕೊಂಡು ಸುಮ್ಮನಾಗಬಹುದು. ಕೊಬ್ಬರಿ ದರ ತೋರಿಸುವ ಮೊಬೈಲ್ ಆ್ಯಪ್ ಅದೇ ಸರ್ವರ್‌ನಿಂದ ಮಾಹಿತಿ ಎಳೆಯುತ್ತಿದ್ದರೆ ಅದು ಮಾತ್ರ ಸಂಪರ್ಕ ನಿರಾಕರಿಸುತ್ತದೆ. ‘ಆಫೀಸಲ್ಲಿ ಸರಿ ಇದೆ, ರೈತರಿಗೆ ಬರ್ತಿಲ್ಲ’ ಎಂಬ ದೂರು ಬಂದರೆ ನೆಟ್‌ವರ್ಕನ್ನು ಬೈಯುವ ಮೊದಲು ಸರಪಳಿ ನೋಡಿ.

ಪದದ ಗೊಂದಲದಿಂದ ಹುಟ್ಟುವ ಎರಡನೇ ತೊಂದರೆ, ಸಮಯ ಬಾರದಿದ್ದರೂ ಬಲವಂತವಾಗಿ ಹೊಸದು ತರಿಸುವ ‘ಫೋರ್ಸ್’ ಆಯ್ಕೆ. ನವೀಕರಿಸುವುದು ಒಳ್ಳೆಯದೇ, ದಿನಾ ನವೀಕರಿಸಿದರೆ ಇನ್ನೂ ಒಳ್ಳೆಯದು ಎಂದು, ನಿಗದಿತ ವೇಳೆಗೆ ಆಜ್ಞೆ ಓಡಿಸುವ ಕ್ರಾನ್‌ನ ಸಾಲಿನಲ್ಲಿ ಫೋರ್ಸ್ ಸೇರಿಸಿಬಿಡುತ್ತಾರೆ. ಪ್ರತಿದಿನ ಒಂದು ಹೊಸ ಸರ್ಟಿಫಿಕೇಟ್ ಹೊರಡುತ್ತದೆ. ಉಚಿತ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಒಂದೇ ಹೆಸರುಗಳ ಗುಂಪಿಗೆ 7 ದಿನಕ್ಕೆ 5 ಸರ್ಟಿಫಿಕೇಟ್ ಮಾತ್ರ ಕೊಡುತ್ತದೆ. ಮಿತಿ ತುಂಬಿದ ಮೇಲೆ ನಿಜವಾಗಿ ಬೇಕಾದ ದಿನ, ಉದಾಹರಣೆಗೆ ಸರ್ವರ್ ಕೆಟ್ಟು ಕೀಲಿ ಕಳೆದಾಗ, ಬಾಗಿಲು ಮುಚ್ಚಿರುತ್ತದೆ. ಪ್ರಯೋಗಕ್ಕೆ ಸ್ಟೇಜಿಂಗ್ ಸರ್ವರ್ ಬೇರೆಯೇ ಇದೆ. ಅಲ್ಲಿಂದ ಬರುವುದನ್ನು ಬ್ರೌಸರ್ ನಂಬುವುದಿಲ್ಲ, ಆದರೆ ಹೆಜ್ಜೆಗಳೆಲ್ಲ ಅವೇ. ಸಮಯ ಬಂದಿದೆಯೋ ಇಲ್ಲವೋ ಎಂಬ ತೀರ್ಮಾನವನ್ನು ಸ್ಕ್ರಿಪ್ಟಿಗೇ ಬಿಡಿ. ಇನ್ನೂ ಬಂದಿಲ್ಲ ಎಂದಾಗ ಆಕ್ಮೆ ಡಾಟ್ ಎಸ್‌ಎಚ್‌ನ ರಿನ್ಯೂ ಆಜ್ಞೆ 2 ಎಂಬ ನಿರ್ಗಮನ ಸಂಖ್ಯೆ ಕೊಡುತ್ತದೆ, ಅದು ದೋಷವಲ್ಲ. ಈ ಆಜ್ಞೆಯನ್ನು ಕರೆಯುವ ನಿಮ್ಮ ಹೊದಿಕೆ ಸ್ಕ್ರಿಪ್ಟಿನ ತಲೆಯಲ್ಲಿ, ಸೊನ್ನೆಯಲ್ಲದ ಸಂಖ್ಯೆ ಬಂದೊಡನೆ ಓಟ ನಿಲ್ಲಿಸುವ ‘ಸೆಟ್ ಮೈನಸ್ ಇ’ ಇದ್ದರೆ ಅಲ್ಲೇ ನಿಂತುಬಿಡುತ್ತದೆ, ಆದ್ದರಿಂದ 0 ಮತ್ತು 2 ಎರಡನ್ನೂ ಸರಿ ಎಂದು ಒಪ್ಪಿಕೊಳ್ಳುವಂತೆ ಬರೆಯಬೇಕು. ಇನ್ನೊಂದು: 2021ರ ಆಗಸ್ಟ್‌ನಿಂದ ಆ ಸ್ಕ್ರಿಪ್ಟಿನ ಮೂಲ ಆಯ್ಕೆ ಜೀರೋಎಸ್‌ಎಸ್‌ಎಲ್ ಎಂಬ ಬೇರೆ ಸಂಸ್ಥೆ. ಲೆಟ್ಸ್ ಎನ್‌ಕ್ರಿಪ್ಟ್ ಬೇಕಾದರೆ ಅದನ್ನು ಬಿಡಿಸಿ ಹೇಳಬೇಕು.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಸರ್ಟಿಫಿಕೇಟ್ ತಂದ ದಿನವೇ ಇನ್ನೊಮ್ಮೆ ಓಡಿಸಿ, ‘ನವೀಕರಣವೂ ಆಗುತ್ತದೆ’ ಎಂದು ಸಮಾಧಾನಪಟ್ಟುಕೊಳ್ಳುವ ಅಭ್ಯಾಸವಿದೆ. ಡೊಮೇನ್ ನಿಮ್ಮದೇ ಎಂದು ಒಮ್ಮೆ ಸಾಬೀತಾದರೆ ಲೆಟ್ಸ್ ಎನ್‌ಕ್ರಿಪ್ಟ್ ಆ ಫಲಿತಾಂಶವನ್ನು ಕೆಲವು ದಿನ ಇಟ್ಟುಕೊಳ್ಳುತ್ತದೆ. ಆ ಅವಧಿಯಲ್ಲಿ ಅದೇ ಖಾತೆಯಿಂದ ಮತ್ತೆ ಆರ್ಡರ್ ಹಾಕಿದರೆ ಪರೀಕ್ಷೆಯೇ ನಡೆಯದೆ ಸರ್ಟಿಫಿಕೇಟ್ ಸಿಗಬಹುದು. ಅಷ್ಟರಲ್ಲಿ ಯಾರೋ ಸುರಕ್ಷತೆಯ ಹೆಸರಿನಲ್ಲಿ ಸಾದಾ ಎಚ್‌ಟಿಟಿಪಿ ಸಂಪರ್ಕದ ಬಾಗಿಲಾದ 80ನೇ ಪೋರ್ಟ್ ಮುಚ್ಚಿರುತ್ತಾರೆ. ಎರಡು ತಿಂಗಳಾದ ಮೇಲೆ ನಿಜವಾದ ಪರೀಕ್ಷೆ ಬಂದಾಗ ಸೋಲುತ್ತದೆ. ಎಚ್‌ಟಿಟಿಪಿ ಬಗೆಯ ಪರೀಕ್ಷೆ ಶುರುವಾಗುವುದು 80ರಿಂದಲೇ. ಅಲ್ಲಿಂದ ಸುರಕ್ಷಿತ ಸಂಪರ್ಕದ ಪೋರ್ಟ್ 443ಕ್ಕೆ ಕಳಿಸಿದರೆ ತಕರಾರಿಲ್ಲ, ಅಲ್ಲಿರುವ ಸರ್ಟಿಫಿಕೇಟಿನ ಅವಧಿ ಮುಗಿದಿದ್ದರೂ ಅದು ಲೆಕ್ಕಿಸುವುದಿಲ್ಲ. ಮುಚ್ಚಿದರೆ ಮಾತ್ರ ಆಗುವುದಿಲ್ಲ. ಭಾರತದ ಐಪಿಗಳಿಗೆ ಮಾತ್ರ ಪ್ರವೇಶ ಎಂದು ಫೈರ್‌ವಾಲ್ ಕಟ್ಟಿದ್ದರೂ ಸೋಲು ಖಚಿತ. 2020ರಿಂದ ಪರೀಕ್ಷೆ ಒಂದೇ ಕಡೆಯಿಂದಲ್ಲ, ಬೇರೆ ಬೇರೆ ಜಾಗಗಳಿಂದ ಬರುತ್ತದೆ. ಡಿಎನ್‌ಎಸ್‌ನಲ್ಲಿ ಹಳೆಯ ಐಪಿವಿ6 ವಿಳಾಸ ಉಳಿದಿದ್ದರೆ ಪರೀಕ್ಷೆ ಮೊದಲು ಅಲ್ಲಿಗೇ ಹೋಗುತ್ತದೆ. ಈ ಯಾವುದನ್ನೂ ಸರಿಪಡಿಸಲಾಗದ ಕಡೆ ಡಿಎನ್‌ಎಸ್ ಬಗೆಯ ಪರೀಕ್ಷೆಗೆ ಹೋಗುವುದೇ ಲೇಸು. ಎಲ್ಲ ಉಪಡೊಮೇನುಗಳಿಗೂ ಹೊಂದುವ ವೈಲ್ಡ್‌ಕಾರ್ಡ್ ಸರ್ಟಿಫಿಕೇಟಿಗಂತೂ ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ಅದು ಕಡ್ಡಾಯ.

ಕ್ರಾನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈಯಿಂದ ಓಡಿಸಿದಾಗ ಗೆಲ್ಲುವ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಸೋತರೆ ಆಜ್ಞೆಗಳನ್ನು ಹುಡುಕುವ ಜಾಗಗಳ ಪಟ್ಟಿಯಾದ ಪಾತ್ ಅನ್ನು ಮೊದಲು ನೋಡಿ, ಆಜ್ಞೆಗಳಿಗೆ ಪೂರ್ತಿ ದಾರಿ ಬರೆಯಿರಿ. ಔಟ್‌ಪುಟ್ಟನ್ನೆಲ್ಲ, ಬಂದದ್ದನ್ನು ನುಂಗಿಬಿಡುವ ಡೆವ್ ನಲ್‌ಗೆ ಸುರಿಯಬೇಡಿ, ಕಡತಕ್ಕೆ ಬರೆಸಿ.

ಗಡುವು ಹತ್ತಿರವಾಯಿತು ಎಂದು ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಇಮೇಲ್ 2025ರ ಜೂನ್ 4ಕ್ಕೆ ನಿಂತಿತು. ಕಾವಲು ಈಗ ನಮ್ಮದೇ. ಡಿಸ್ಕಿನ ಕಡತ ನೋಡಿ ತೃಪ್ತರಾಗುವುದು ಬೀರುವಿನ ಪಾಸು ನೋಡಿದಂತೆ. ಬೇರೆ ಯಂತ್ರದಿಂದ ಓಪನ್‌ಎಸ್‌ಎಸ್‌ಎಲ್‌ನ ಎಸ್‌-ಕ್ಲೈಂಟ್ ಬಳಸಿ 443ಕ್ಕೆ ಸಂಪರ್ಕಿಸಿ, ಡೊಮೇನ್ ಹೆಸರನ್ನು ‘ಸರ್ವರ್‌ನೇಮ್’ ಆಯ್ಕೆಯಲ್ಲಿ ಕೊಟ್ಟು, ಬಂದ ಸರ್ಟಿಫಿಕೇಟನ್ನು, ಇಷ್ಟು ಸಮಯದೊಳಗೆ ಅವಧಿ ಮುಗಿಯುತ್ತದೆಯೇ ಎಂದು ನೋಡುವ ‘ಚೆಕ್‌ಎಂಡ್’ ಪರೀಕ್ಷೆಗೆ ಒಡ್ಡಬೇಕು. ಸರ್ವರ್‌ನೇಮ್ ಬಿಟ್ಟರೆ ಅದೇ ಸರ್ವರ್‌ನ ಇನ್ನೊಂದು ಸೈಟಿನ ಸರ್ಟಿಫಿಕೇಟ್ ಬಂದು ದಾರಿ ತಪ್ಪಿಸಬಹುದು. ಚೆಕ್‌ಎಂಡ್ ಆ ಸಮಯವನ್ನು ಕೇಳುವುದು ಸೆಕೆಂಡುಗಳಲ್ಲಿ. 30 ದಿನ ಉಳಿದಾಗ ಬದಲಿ ತರುವ ಸ್ಕ್ರಿಪ್ಟಿಗೆ 20 ದಿನದ ಎಚ್ಚರಿಕೆ ಸಾಕು, ಅಂದರೆ 1728000. ಎರಡು ಅಂಕಿಗಳ ನಡುವಿನ ಹತ್ತು ದಿನ ಸ್ಕ್ರಿಪ್ಟ್ ತಾನೇ ಮತ್ತೆ ಮತ್ತೆ ಯತ್ನಿಸಲು ಬಿಟ್ಟ ಜಾಗ.

ಈ ಅಂಕಿಗಳೂ ಉಳಿಯುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ 2015ರಲ್ಲಿ 90 ದಿನದ ಅವಧಿಯಿಂದ ಶುರುವಾಯಿತು. ಆಗ ಹಣ ಕೊಟ್ಟು ಕೊಳ್ಳುವ ಸರ್ಟಿಫಿಕೇಟುಗಳು ವರ್ಷಗಟ್ಟಲೆ ಬಾಳುತ್ತಿದ್ದವು. ಸರ್ಟಿಫಿಕೇಟ್ ಸಂಸ್ಥೆಗಳೂ ಬ್ರೌಸರ್ ತಯಾರಕರೂ ಕೂಡಿರುವ ವೇದಿಕೆ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದಂತೆ ಯಾವ ಸಂಸ್ಥೆಯ ಸರ್ಟಿಫಿಕೇಟಾದರೂ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಅದೇ ತಾರೀಖಿನಿಂದ 100, 2029ರಿಂದ 47. ‘ವರ್ಷಕ್ಕೊಮ್ಮೆ ನವೀಕರಣ’ ಎಂದು ಕರಾರಿನಲ್ಲಿ ಬರೆದುಕೊಂಡವರು ಆ ಸಾಲನ್ನು ಈಗಲೇ ತಿದ್ದಬೇಕು.

ಯಾವ ಪದ ಹಾಕಬೇಕು? ‘ಮರುನೀಡಿಕೆ’ ಎಂದು ಕೆಲವರು ಬರೆಯುತ್ತಾರೆ. ಅದು ಸಂಸ್ಥೆಯ ಕಡೆಯಿಂದ ನೋಡಿದ ಮಾತು, ಸರ್ವರ್ ಕಾಯುವವನ ಕೆಲಸ ಅದರಲ್ಲಿ ಕಾಣುವುದಿಲ್ಲ. ‘ಬದಲಿ’ ಎಂಬ ಆಡುಮಾತೇ ಮೇಲು. ಬದಲಿ ಎಂದ ತಕ್ಷಣ ಎರಡು ವಸ್ತು ಕಣ್ಣಿಗೆ ಕಟ್ಟುತ್ತವೆ, ಒಂದನ್ನು ತೆಗೆದು ಇನ್ನೊಂದನ್ನು ಇಡುವ ಕೆಲಸವೂ ನೆನಪಾಗುತ್ತದೆ. ಯಾವಾಗ ಹೊಸದು ಪಡೆಯಬೇಕೆಂದು ಸಂಸ್ಥೆಯೇ ಸೂಚಿಸುವ ವ್ಯವಸ್ಥೆ 2025ರಲ್ಲಿ ಆರ್‌ಎಫ್‌ಸಿ 9773 ಎಂದು ಬಂದಿದೆ. ಅದರಲ್ಲೂ ಹೊಸ ಆರ್ಡರಿನೊಳಗೆ ಯಾವ ಸರ್ಟಿಫಿಕೇಟಿಗೆ ಇದು ಬದಲಿ ಎಂದು ಹೇಳುವ ಒಂದು ಅಂಕಣವಿದೆ. ಕರಾರಿನ ಸಾಲನ್ನು ಹೀಗೆ ಬರೆದರೆ ಹೊಣೆ ಸ್ಪಷ್ಟವಾಗುತ್ತದೆ: “ಅವಧಿಯ ಮೂರನೇ ಒಂದು ಭಾಗ ಉಳಿದಿರುವಾಗಲೇ ಬದಲಿ ಸರ್ಟಿಫಿಕೇಟ್ ಪಡೆದು, ಸರ್ವರಿಗೆ ಹಾಕಿ ರಿಲೋಡ್ ಮಾಡಿ, 443ನೇ ಪೋರ್ಟಿನಲ್ಲಿ ಹೊಸ ಕ್ರಮಸಂಖ್ಯೆ ಕಾಣುತ್ತಿರುವುದನ್ನು ಹೊರಗಿನಿಂದ ಖಾತ್ರಿಪಡಿಸತಕ್ಕದ್ದು.”