ಟೈರಿಗೆ ಎಷ್ಟು ಗಾಳಿ? ಇನ್ನೊಮ್ಮೆ ಹೇಳುತ್ತೇನೆ

ಪ್ರಶ್ನೆ: ನದಿ ಕಣಿವೆಯ ದ್ರಾಕ್ಷಿ ತೋಟಗಳ ನಡುವೆ ಮೂರು ದಿನ ಗ್ರಾವೆಲ್ (ಜಲ್ಲಿ ದಾರಿಯ) ಸೈಕಲ್ ಹೊಡೆಯಬೇಕು ಅಂತಿದ್ದೇನೆ. 40 ಮಿಮೀ ಟೈರು. ಏರು ಜಾಸ್ತಿ ಇದೆಯಂತೆ. ಹಾಗಾಗಿ ಗಾಳಿ ಗಟ್ಟಿಯಾಗಿ ತುಂಬಿಸಿಕೊಂಡು ಹೋದರೆ ಒಳ್ಳೆಯದಲ್ವಾ? ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಲಿ?

ಮೊದಲು ಅಂಕಿ ಹೇಳಿಬಿಡುತ್ತೇನೆ. ನಿಮ್ಮ ತೂಕ 70 ಕಿಲೋ ಆಸುಪಾಸು ಇದ್ದು, ಟೈರು ಟ್ಯೂಬ್‌ಲೆಸ್ ಆಗಿದ್ದರೆ ಹಿಂದೆ 33, ಮುಂದೆ 30 ಪಿಎಸ್‌ಐನಿಂದ ಶುರು ಮಾಡಿ. ಒಳಗೆ ಟ್ಯೂಬ್ ಇದ್ದರೆ ಎರಡಕ್ಕೂ ನಾಲ್ಕೈದು ಸೇರಿಸಿ. ಚೀಲ, ಬಟ್ಟೆ, ನೀರು ಅಂತ ಭಾರ ಏರಿಸಿದರೆ ಇನ್ನೊಂದೆರಡು ಸೇರಿಸಿ. ಅಲ್ಲಿಂದ ಒಂದೊಂದೇ ಪಿಎಸ್‌ಐ ಹೆಚ್ಚು ಕಡಿಮೆ ಮಾಡಿ ನಿಮಗೆ ಒಗ್ಗುವುದನ್ನು ಕಂಡುಕೊಳ್ಳಿ.

ಆದರೆ ನನಗೆ ತಲೆನೋವು ಈ ಅಂಕಿಯದಲ್ಲ. ಪ್ರಶ್ನೆಯ ನಡುವೆ ಕೂತಿರುವ ಆ ಮಾತಿನದು: ‘ಗಟ್ಟಿಯಾಗಿ ತುಂಬಿಸಿಕೊಂಡು ಹೋದರೆ ಒಳ್ಳೆಯದಲ್ವಾ?’ ಅಲ್ಲ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ಸಲ ಯಾರಾದರೂ 60 ಪಿಎಸ್‌ಐ ತುಂಬಿಸಿಕೊಂಡು ಬರುತ್ತಾರೆ. ಮೊದಲ ಜಲ್ಲಿ ಏರಿನಲ್ಲೇ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಅವರು ತಮ್ಮ ಕಾಲಿನಲ್ಲಿ ಬಲವಿಲ್ಲ ಅಂದುಕೊಳ್ಳುತ್ತಾರೆ. ಕಾಲು ಚೆನ್ನಾಗಿಯೇ ಇರುತ್ತದೆ. ಇವತ್ತು ಇದನ್ನು ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ಗಟ್ಟಿ ಟೈರು ಸಲೀಸಾಗಿ ಉರುಳುತ್ತದೆ ಅನ್ನುವ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ನಯವಾದ ಉಕ್ಕಿನ ಉರುಳೆಯ ಮೇಲೆ ಟೈರು ಓಡಿಸಿ ಅಳೆದರೆ ಅದು ನಿಜವೇ. ಟೈರು ನೆಲಕ್ಕೆ ತಾಗಿದಾಗಲೆಲ್ಲ ರಬ್ಬರು ಬಾಗುತ್ತದೆ, ಬಿಟ್ಟಾಗ ಮತ್ತೆ ನೆಟ್ಟಗಾಗುತ್ತದೆ. ಬಾಗಿಸಲು ಕೊಟ್ಟ ಶಕ್ತಿಯಲ್ಲಿ ಒಂದಿಷ್ಟು ಶಾಖವಾಗಿ ಹೋಗುತ್ತದೆ. ಗಾಳಿ ಜಾಸ್ತಿ ಇದ್ದರೆ ಬಾಗುವುದು ಕಡಿಮೆ, ನಷ್ಟವೂ ಕಡಿಮೆ. ಉಕ್ಕಿನ ಉರುಳೆಯ ಮಟ್ಟಿಗೆ ಲೆಕ್ಕ ಇಲ್ಲಿಗೆ ಮುಗಿಯಿತು.

ಆದರೆ ಆ ಉರುಳೆಯ ಮೇಲೆ ಕಲ್ಲಿಲ್ಲ, ಸೀಟಿನ ಮೇಲೆ ಮನುಷ್ಯನಿಲ್ಲ. ಜಲ್ಲಿ ದಾರಿಯಲ್ಲಿ ಎರಡೂ ಇವೆ. ಹೆಬ್ಬೆರಳು ಗಾತ್ರದ ಒಂದು ಕಲ್ಲು ಚಕ್ರಕ್ಕೆ ಎದುರಾಯಿತು ಅಂದುಕೊಳ್ಳಿ. ಮೆತ್ತಗಿರುವ ಟೈರು ಅದನ್ನು ಒಳಗೆ ತೆಗೆದುಕೊಳ್ಳುತ್ತದೆ. ಅಷ್ಟು ಜಾಗ ಮಾತ್ರ ಒಳಕ್ಕೆ ಹೋಗಿ ಮತ್ತೆ ಹೊರಬರುತ್ತದೆ. ಸೈಕಲ್ಲು ಹೆಚ್ಚು ಅಲುಗದೆ ಮುಂದೆ ಹೋಗುತ್ತದೆ. ಗಟ್ಟಿ ಟೈರು ಹಾಗೆ ಮಾಡಲಾರದು. ಅದು ಕಲ್ಲಿನ ಮೇಲೆ ಹತ್ತುತ್ತದೆ. ತಾನೊಂದೇ ಹತ್ತುವುದಿಲ್ಲ, ಸೈಕಲ್ಲನ್ನೂ ನಿಮ್ಮನ್ನೂ ಎತ್ತುತ್ತದೆ. ಎತ್ತಲು ಬೇಕಾದ ಶಕ್ತಿ ಎಲ್ಲಿಂದ ಬಂತು? ನಿಮ್ಮ ಮುಂದಿನ ಓಟದಿಂದಲೇ. ಮತ್ತೆ ಧೊಪ್ಪನೆ ಇಳಿದಾಗ ಆ ಶಕ್ತಿಯೆಲ್ಲ ನಿಮಗೆ ವಾಪಸ್ ಸಿಗುವುದಿಲ್ಲ. ಕೈ, ಭುಜ, ಬೆನ್ನು, ತೊಡೆಯ ಮಾಂಸ ಎಲ್ಲ ಅದುರಿ ಅದನ್ನು ಹೀರಿಕೊಳ್ಳುತ್ತವೆ. ಒಂದು ಕಿಲೋಮೀಟರಿನಲ್ಲಿ ಇಂಥ ಕಲ್ಲು ಸಾವಿರಾರು ಸಿಗುತ್ತವೆ. ಸಂಜೆ ಅಂಗೈ ಮರಗಟ್ಟುವುದು, ಕತ್ತು ಹಿಡಿದುಕೊಳ್ಳುವುದು ಇದರಿಂದಲೇ. ಅದು ಬರೀ ನೋವಲ್ಲ, ನೀವು ಪೆಡಲಿಗೆ ಕೊಟ್ಟು ಕಳೆದುಕೊಂಡ ಬಲ.

‘ಆದರೆ ಗಟ್ಟಿ ಟೈರಿನಲ್ಲಿ ವೇಗ ಗೊತ್ತಾಗುತ್ತದಲ್ಲ’ ಅನ್ನುತ್ತಾರೆ. ಗೊತ್ತಾಗುವುದು ಅದುರು. ಕೈಗೆ ಬರುವ ಆ ಗಡಗಡವನ್ನು ತಲೆ ವೇಗ ಅಂತ ಓದಿಕೊಳ್ಳುತ್ತದೆ. ಗಾಳಿ ಇಳಿಸಿದ ಕೂಡಲೇ ಸದ್ದು ಅಡಗುತ್ತದೆ, ಸೈಕಲ್ಲು ನಿಧಾನವಾದ ಹಾಗೆ ಅನ್ನಿಸುತ್ತದೆ. ಗಡಿಯಾರ ಬೇರೆಯೇ ಹೇಳುತ್ತದೆ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಗಟ್ಟಿಯಾದಷ್ಟೂ ವೇಗ ಅನ್ನುವುದಾದರೆ ಗಾಳಿ ತುಂಬುವ ಟೈರೇ ಬೇಕಿರಲಿಲ್ಲ. ಮೊದಲಿದ್ದದ್ದು ಇಡೀ ರಬ್ಬರಿನ ಗಟ್ಟಿ ಟೈರು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದ. ಮರುವರ್ಷ ಬೆಲ್‌ಫಾಸ್ಟ್‌ನಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಆ ಟೈರು ಹಾಕಿಕೊಂಡು ಪಂದ್ಯಕ್ಕಿಳಿದು ಗೆದ್ದುಬಿಟ್ಟ. ಮೆತ್ತಗಿನ ಟೈರು ಗಟ್ಟಿ ಟೈರನ್ನು ಸೋಲಿಸಿ 130 ವರ್ಷದ ಮೇಲಾಯಿತು! ಡಾಂಬರು ರಸ್ತೆಯ ವೃತ್ತಿಪರ ಸವಾರರು ಕೂಡ ಈಗ 23 ಮಿಮೀ ಟೈರು ಬಿಟ್ಟು 28 ಮಿಮೀ, ಇನ್ನೂ ಅಗಲದ ಟೈರಿಗೆ ಬಂದಿದ್ದಾರೆ, ಗಾಳಿಯನ್ನೂ ಇಳಿಸಿದ್ದಾರೆ. ನಯವಾದ ರಸ್ತೆಯಲ್ಲೇ ಹೀಗಿರುವಾಗ ಜಲ್ಲಿಯ ಮಾತೇನು?

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಸ್ವಲ್ಪವೇ ಇಳಿಜಾರಿರುವ, ಕೆಳಗೆ ಸಮತಟ್ಟಾಗುವ ಒಂದು ಜಲ್ಲಿ ದಾರಿ ಹುಡುಕಿ. ಗಾಳಿ ಬೀಸದ ಹೊತ್ತು ಆರಿಸಿಕೊಳ್ಳಿ. 50 ಪಿಎಸ್‌ಐ ಹಾಕಿ, ಒಂದೇ ಜಾಗದಿಂದ ಪೆಡಲು ತುಳಿಯದೆ, ಒಂದೇ ಭಂಗಿಯಲ್ಲಿ ಕೂತು ಉರುಳಿ. ನಿಂತಲ್ಲಿ ಒಂದು ಗುರುತು ಹಾಕಿ. ಆಮೇಲೆ 40ಕ್ಕೆ ಇಳಿಸಿ, ಆಮೇಲೆ 33ಕ್ಕೆ. ಪ್ರತಿ ಅಂಕಿಗೂ ಮೂರು ಮೂರು ಸಲ ಮಾಡಿ. ಯಾವ ಗುರುತು ಎಲ್ಲಕ್ಕಿಂತ ದೂರ ಇದೆ ನೋಡಿ. ಇದನ್ನು ಮಾಡಿದವರು ಮತ್ತೆ ನನಗೆ ಈ ಪ್ರಶ್ನೆ ಕೇಳಿಲ್ಲ.

ಹಾಗಂತ ಇಳಿಸುತ್ತಲೇ ಹೋಗಬೇಡಿ. ತೀರಾ ಕಡಿಮೆಯಾದರೆ ಕಲ್ಲು ರಿಮ್ಮಿಗೆ ಬಡಿಯುತ್ತದೆ. ಟ್ಯೂಬ್ ಇದ್ದರೆ ರಿಮ್ಮು ಮತ್ತು ಕಲ್ಲಿನ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ. ತಿರುವಿನಲ್ಲಿ ಟೈರು ಪಕ್ಕಕ್ಕೆ ಜೋಲಿದ ಹಾಗೆ ಅನ್ನಿಸಿದರೆ ಎರಡು ಪಿಎಸ್‌ಐ ಏರಿಸಿ. ಟೈರಿನ ಪಕ್ಕದಲ್ಲಿ ಬರೆದಿರುವ ದೊಡ್ಡ ಅಂಕಿ ಮಿತಿ ಮಾತ್ರ, ಸಲಹೆ ಅಲ್ಲ. ಇನ್ನೊಂದು ವಿಷಯ. ಕಣಿವೆಯಲ್ಲಿ ಬೆಳಗ್ಗೆ ಮಂಜು, ಮಧ್ಯಾಹ್ನ ಬಿಸಿಲು. ಟೈರಿನೊಳಗೆ 10 ಡಿಗ್ರಿ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬೆಳಗ್ಗೆ ಸರಿ ಇದ್ದದ್ದು ಮಧ್ಯಾಹ್ನ ಗಟ್ಟಿ ಅನ್ನಿಸಿದರೆ ಕಾರಣ ಇದೇ.

ಈಗ ಏರಿನ ವಿಷಯ. ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ದ್ರಾಕ್ಷಿ ತೋಟದ ದಾರಿಗಳು ಇಷ್ಟೊಂದು ಕಡಿದಾಗಿ ಯಾಕಿರುತ್ತವೆ? ಯಾಕೆಂದರೆ ತಂಪು ದೇಶಗಳಲ್ಲಿ ಬಳ್ಳಿಗೆ ಬೇಕಾಗಿರುವುದೇ ಇಳಿಜಾರು. ಸೂರ್ಯನಿಗೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ನೇರವಾಗಿ ಬೀಳುತ್ತದೆ. ಮಳೆನೀರು ನಿಲ್ಲುವುದಿಲ್ಲ. ರಾತ್ರಿಯ ಕೊರೆಯುವ ಗಾಳಿ ಭಾರವಾಗಿ ಕೆಳಗೆ ಜಾರಿ ಕಣಿವೆಯ ತಳದಲ್ಲಿ ಸೇರುತ್ತದೆ, ಮೇಲಿನ ಬಳ್ಳಿ ಹಿಮದಿಂದ ಉಳಿಯುತ್ತದೆ. ಜರ್ಮನಿಯ ಮೋಸೆಲ್ ಕಣಿವೆಯಲ್ಲಿ ಬ್ರೆಮ್ಮರ್ ಕಾಲ್ಮಾಂಟ್ ಎಂಬ ತೋಟ ಕೆಲವು ಕಡೆ 60 ಡಿಗ್ರಿಗಿಂತ ಕಡಿದು. ಅಲ್ಲಿ ಸೈಕಲ್ ಇರಲಿ, ನಡೆಯುವುದೇ ಕಷ್ಟ. ಸವಾರಿ ಮಾಡಬಹುದಾದ ತೋಟದ ದಾರಿಗಳನ್ನೂ ಟ್ರ್ಯಾಕ್ಟರಿಗಾಗಿ ಮಾಡಿರುತ್ತಾರೆ. ಹಲವು ಕಡೆ ಸುತ್ತು ಬಳಸದೆ ನೇರ ಮೇಲಕ್ಕೆ ಹೋಗುತ್ತವೆ.

ಒಂದು ಲೆಕ್ಕ ಕೊಡುತ್ತೇನೆ. ನೀವೂ ಸೈಕಲ್ಲೂ ಸೇರಿ 80 ಕಿಲೋ. ನೂರು ಮೀಟರಿಗೆ ಹದಿನೈದು ಮೀಟರ್ ಏರುವ ದಾರಿ. ಗಂಟೆಗೆ 8 ಕಿಮೀ ವೇಗದಲ್ಲಿ ಹತ್ತಿದರೂ ಭಾರ ಎತ್ತಲಿಕ್ಕೇ ಸುಮಾರು 260 ವಾಟ್ ಬೇಕು. ಇಂಥ ಕಡೆ ಗಟ್ಟಿ ಟೈರು ಹಿಡಿತ ಸಿಗದೆ ಜಾರಿ ಒಂದು ತುಳಿತ ಹಾಳಾದರೂ ಸೈಕಲ್ಲು ನಿಂತೇ ಹೋಗುತ್ತದೆ. ಸೀಟು ಬಿಟ್ಟು ಎದ್ದು ತುಳಿಯಬೇಡಿ, ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಅದು ಜಾರುತ್ತದೆ. ಕೂತೇ ಇರಿ, ಸೀಟಿನ ಮುಂದಿನ ತುದಿಗೆ ಸರಿದು ಎದೆ ಬಗ್ಗಿಸಿ. ಹಿಂದಿನ ದೊಡ್ಡ ಹಲ್ಲುಚಕ್ರದಲ್ಲಿ ಎಷ್ಟು ಹಲ್ಲಿವೆಯೋ ಮುಂದಿನದರಲ್ಲಿ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಇರಲಿ. ಮತ್ತೆ ಬಳ್ಳಿ ಸಾಲುಗಳ ನಡುವೆ ಮಾತ್ರ ಸೈಕಲ್ ನುಗ್ಗಿಸಬೇಡಿ. ಅದು ಯಾರದೋ ವರ್ಷದ ದುಡಿಮೆ. ಕೊಯ್ಲಿನ ಸಮಯದಲ್ಲಿ ಟ್ರ್ಯಾಕ್ಟರ್ ಎದುರಾದರೆ ಇಳಿದು ದಾರಿ ಬಿಡಿ.

ನದಿಯ ಪಕ್ಕದ ದಾರಿಗೆ ಬಂದ ಮೇಲೆ ‘ಕೆಳಮುಖ ಹೋದರೆ ಸುಲಭವಾ, ಮೇಲ್ಮುಖವಾ’ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೋಸೆಲ್ ನದಿ ಟ್ರಿಯರ್‌ನಿಂದ ಕೊಬ್ಲೆಂಜ್‌ವರೆಗೆ ಸುತ್ತಿ ಸುತ್ತಿ ಸುಮಾರು 190 ಕಿಮೀ ಹರಿಯುತ್ತದೆ, ಅಷ್ಟರಲ್ಲಿ 100 ಮೀಟರ್ ಕೂಡ ಇಳಿಯುವುದಿಲ್ಲ. ನಿಮಗೆ ಅಲ್ಲಿ ಎದುರಾಗುವುದು ಗಾಳಿ. ಬಿಸಿಲಿರುವ ದಿನ ಗುಡ್ಡಗಳು ಕಾದ ಮೇಲೆ, ಮಧ್ಯಾಹ್ನದಿಂದ ಗಾಳಿ ಸಾಮಾನ್ಯವಾಗಿ ಕಣಿವೆಯ ಮೇಲ್ಮುಖವಾಗಿ ಬೀಸುತ್ತದೆ. ಹಾಗಾಗಿ ಕಾಲು ಹೊಸದಾಗಿರುವಾಗಲೇ, ಬೆಳಗಿನ ತಂಪಿನಲ್ಲಿ ತೋಟದ ಏರು ಮುಗಿಸಿಬಿಡಿ. ತೋಟದ ಮೇಲಿನ ದಾರಿಯಲ್ಲೇ ನದಿ ಹರಿಯುವ ದಿಕ್ಕಿಗೆ ಸಾಗಿ, ದೂರದಲ್ಲಿ ದಡಕ್ಕಿಳಿಯಿರಿ. ಮಧ್ಯಾಹ್ನ ನೀರಿನ ಪಕ್ಕದಲ್ಲೇ ವಾಪಸ್ ಬನ್ನಿ. ಆಗ ಗಾಳಿ ಬೆನ್ನಿಗಿರುತ್ತದೆ.