ಅಚ್ಚು ಗೊತ್ತಿದ್ದೂ ಕೈಯಲ್ಲೇ ಬರೆಸಿದ್ದು ಯಾಕೆ?

ಪ್ರಶ್ನೆ: ಪುಸ್ತಕ ಅಚ್ಚು ಹಾಕೋದು ಚೀನಾದವರಿಗೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಆದರೂ ಅವರ ದೊಡ್ಡ ವಿಶ್ವಕೋಶವನ್ನು ಕೈಯಲ್ಲಿ ಬರೆಸಿದರಂತೆ. ಯಾಕೆ?

ಉತ್ತರ: ಅಚ್ಚಿನ ಕೆಲಸ ಹೇಗಿತ್ತು ಅಂತ ಮೊದಲು ನೋಡೋಣ. ತೆಳು ಕಾಗದದ ಮೇಲೆ ಬರೆದು, ಅದನ್ನು ಮಗುಚಿ ಮರದ ಹಲಗೆಗೆ ಅಂಟಿಸುತ್ತಿದ್ದರು. ಅಕ್ಷರ ಬಿಟ್ಟು ಉಳಿದ ಜಾಗವನ್ನೆಲ್ಲ ಕೆತ್ತಿ ತೆಗೆಯುತ್ತಿದ್ದರು. ಮಸಿ ಬಳಿದು, ಕಾಗದ ಹಾಸಿ, ಮೇಲೆ ಉಜ್ಜಿದರೆ ಪುಟ ತಯಾರು. ಕೆತ್ತೋದಕ್ಕೇ ಜಾಸ್ತಿ ಖರ್ಚು. ಒಮ್ಮೆ ಕೆತ್ತಿಟ್ಟರೆ ಬೇಕಾದಾಗ ಬೇಕಾದಷ್ಟು ಪ್ರತಿ ತೆಗೆಯಬಹುದು. ಹಾಗಾಗಿ ತುಂಬ ಜನ ಕೊಳ್ಳುವ ಪುಸ್ತಕಕ್ಕೆ ಇದು ಹೇಳಿ ಮಾಡಿಸಿದ ದಾರಿ: ಪಂಚಾಂಗ, ಬೌದ್ಧ ಸೂತ್ರ, ಸರ್ಕಾರಿ ಪರೀಕ್ಷೆಯ ಪುಸ್ತಕ. 11ನೇ ಶತಮಾನದ ಕವಿ ಸು ಷಿ ಬರೆದ ಮಾತೊಂದು ನನಗೆ ತುಂಬ ಇಷ್ಟ. ಹಿಂದಿನವರು ಪುಸ್ತಕವನ್ನು ಕೈಯಾರೆ ನಕಲು ಮಾಡಿ ಹಗಲು ರಾತ್ರಿ ಓದುತ್ತಿದ್ದರು, ಈಗ ಪುಸ್ತಕ ಸುಲಭವಾಗಿ ಸಿಗುತ್ತದೆ, ಆದರೆ ಓದುವವರಿಲ್ಲ ಅಂತ ಅವನ ಕೊರಗು.

ಈಗ ವಿಶ್ವಕೋಶಕ್ಕೆ ಬರೋಣ. ಯೋಂಗ್ಲೆ ಚಕ್ರವರ್ತಿ 1403ರಲ್ಲಿ ಶುರು ಮಾಡಿಸಿ 1408ರಲ್ಲಿ ಮುಗಿಸಿದ 'ಯೋಂಗ್ಲೆ ದಾದ್ಯಾನ್'ಗೆ 2,000ಕ್ಕೂ ಹೆಚ್ಚು ವಿದ್ವಾಂಸರು ದುಡಿದರು. 11,095 ಸಂಪುಟ, ಸುಮಾರು 37 ಕೋಟಿ ಅಕ್ಷರ. ಒಂದು ಹಲಗೆಗೆ 400 ಅಕ್ಷರ ಅಂತ ಹಿಡಿದರೂ ಒಂಬತ್ತು ಲಕ್ಷ ಹಲಗೆ ಬೇಕು! ಅದೂ ಅರಮನೆಯೊಳಗೆ ಇಡುವ ಪುಸ್ತಕಕ್ಕೆ. ಅಷ್ಟು ಖರ್ಚು ಮಾಡಿ ಯಾರಿಗೆ ಮಾರೋದು, ಅಲ್ವಾ?

ಆದರೆ ಇದರಿಂದ ದೊಡ್ಡ ಉಪಕಾರವೂ ಆಯಿತು. ಅಚ್ಚಿನವರು ಕೇಳುವವರಿದ್ದ ಪುಸ್ತಕವನ್ನೇ ಮತ್ತೆ ಮತ್ತೆ ತೆಗೆದರು. ಉಳಿದದ್ದು ಕಳೆದುಹೋಗುತ್ತಿತ್ತು. ಯೋಂಗ್ಲೆಯ ವಿದ್ವಾಂಸರು ಮಾತ್ರ ಸಿಕ್ಕ ಪುಸ್ತಕಗಳನ್ನು ಸಾರಾಂಶ ಮಾಡದೆ ಇದ್ದ ಹಾಗೇ ನಕಲಿಸಿ, ಪ್ರಾಸದ ಕ್ರಮದಲ್ಲಿ, ಅಂದರೆ ಒಂದೇ ಪ್ರಾಸದ ಪದಗಳು ಒಟ್ಟಿಗೆ ಬರುವಂತೆ, ಜೋಡಿಸಿಟ್ಟರು. 974ರಲ್ಲಿ ಮುಗಿದ 'ಐದು ರಾಜವಂಶಗಳ ಹಳೆಯ ಇತಿಹಾಸ'ದ ಕಥೆ ಕೇಳಿ. 11ನೇ ಶತಮಾನದ ವಿದ್ವಾಂಸ ಔಯಾಂಗ್ ಷಿಯೂ ಅದೇ ಕಾಲದ ಬಗ್ಗೆ ಬರೆದ ಹೊಸ ಇತಿಹಾಸ ಹೆಸರು ಮಾಡಿದ ಮೇಲೆ ಇದನ್ನು ಕೇಳುವವರೇ ಇಲ್ಲವಾಗಿ, ಕೊನೆಗೆ ಪುಸ್ತಕವೇ ಕಾಣೆಯಾಯಿತು. 1770ರ ದಶಕದಲ್ಲಿ ಷಾವ್ ಜಿನ್‌ಹಾನ್ ಎಂಬ ವಿದ್ವಾಂಸ ಯೋಂಗ್ಲೆ ದಾದ್ಯಾನ್‌ನ ಸಂಪುಟಗಳಲ್ಲಿ ಚೂರು ಚೂರಾಗಿ ಹಂಚಿಹೋಗಿದ್ದ ಭಾಗಗಳನ್ನು ಹೆಕ್ಕಿ ಅದನ್ನು ಮತ್ತೆ ಕಟ್ಟಿದ. ಇವತ್ತು ಓದಲು ಸಿಗುವುದು ಅದೇ.

ವಿಶ್ವಕೋಶದ ಮೂಲ ಪ್ರತಿ ಕಣ್ಮರೆಯಾಗಿದೆ. 1562ರಿಂದ 1567ರವರೆಗೆ ಮತ್ತೆ ಕೈಯಲ್ಲೇ ಮಾಡಿಸಿದ ನಕಲಿನಲ್ಲಿ ಈಗ ಸುಮಾರು 400 ಸಂಪುಟ ಮಾತ್ರ ಉಳಿದಿವೆ.