15 ವರ್ಷ ದಾಟಿದ ಪಿಕಪ್ ಗುಜರಿಗೇ ಹೋಗಬೇಕಾ? ಹಾಗಾದರೆ ಜನ ಹುಡುಕಿ ತಗೊಳ್ಳುವುದು ಯಾಕೆ?

ಪ್ರಶ್ನೆ: "ನಮ್ಮಲ್ಲಿ ಅಪ್ಪನ ಕಾಲದ ಪಿಕಪ್ ಜೀಪ್ ಇದೆ. 15 ವರ್ಷ ದಾಟಿದ ಗಾಡಿಯನ್ನು ಗುಜರಿಗೆ ಹಾಕಬೇಕು ಅಂತ ಕಾನೂನೇ ಬಂದಿದೆಯಂತೆ. ಆದರೂ ಕೆಲವರು ಹಳೆಯ ಸಣ್ಣ ಪಿಕಪ್‌ಗಳನ್ನೇ ಹುಡುಕಿಕೊಂಡು ಹೋಗಿ ತರುತ್ತಾರಲ್ಲ, ಯಾಕೆ?" (ನಾಪೋಕ್ಲು ಕಡೆಯ ಓದುಗರು)

ಈ ಪ್ರಶ್ನೆ ಬಾರದ ತಿಂಗಳಿಲ್ಲ. ಕಾಫಿ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗಂತೂ ಇನ್ನೂ ಜಾಸ್ತಿ. ಯಾಕೆ ಇಷ್ಟಪಡುತ್ತಾರೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಗುಜರಿ ಮಾತು ಇತ್ಯರ್ಥವಾಗಲಿ.

15 ವರ್ಷ ತುಂಬಿತು ಎಂಬ ಒಂದೇ ಕಾರಣಕ್ಕೆ ಕೊಡಗಿನಲ್ಲಿ ನಿಮ್ಮ ಸ್ವಂತ ಗಾಡಿಯನ್ನು ಯಾರೂ ಗುಜರಿಗೆ ಹಾಕಿಸಲಾರರು. ಎಷ್ಟು ಸಲ ಹೇಳಿದರೂ ಈ ಸುದ್ದಿ ಸಾಯುವುದಿಲ್ಲ. ಇದನ್ನು ನಂಬಿ ಒಳ್ಳೊಳ್ಳೆಯ ಗಾಡಿಗಳನ್ನು ಕಬ್ಬಿಣದ ತೂಕಕ್ಕೆ ಕೊಟ್ಟವರಿದ್ದಾರೆ, ಅದಕ್ಕೇ ಬೇಜಾರು. ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ ನೋಡಿ. ವೈಟ್ ಬೋರ್ಡ್ ಗಾಡಿಯ ಆರ್‌ಸಿ 15 ವರ್ಷ ಚಾಲ್ತಿಯಲ್ಲಿರುತ್ತದೆ. ಆಮೇಲೆ ರಿನ್ಯೂವಲ್ ಮಾಡಿಸಿದರೆ ಮತ್ತೆ ಐದು ವರ್ಷ, ಅದು ಮುಗಿದರೆ ಇನ್ನೈದು. ಇಷ್ಟೇ ಸಲ ಎಂಬ ಮಿತಿ ಅಲ್ಲಿ ಇಲ್ಲ. ಗಾಡಿ ರಸ್ತೆಗೆ ಯೋಗ್ಯವಾಗಿದ್ದರೆ ಸಾಕು.

ಹಾಗಾದರೆ ಸುದ್ದಿ ಎಲ್ಲಿಂದ ಹುಟ್ಟಿತು? ದೆಹಲಿಯಿಂದ. ಅಲ್ಲಿಯ ಹೊಗೆ ತಡೆಯಲಾರದೆ 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್, 10 ವರ್ಷ ದಾಟಿದ ಡೀಸೆಲ್ ಮತ್ತು 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳು ಓಡಬಾರದು ಅಂದವು. ಅದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯಕ್ಕೆ ಹೇಳಿದ್ದು. ಟಿವಿಯಲ್ಲಿ ಬಂದ ಸುದ್ದಿಗೆ ಊರಿನ ಹೆಸರು ಕಳಚಿ ಹೋಗಿ, ಸುಂಟಿಕೊಪ್ಪದ ಚಹಾ ಅಂಗಡಿ ತಲುಪುವಾಗ ಇಡೀ ದೇಶದ ಕಾನೂನಾಗಿತ್ತು. ಅದರ ಹಿಂದೆಯೇ 2021ರ ಆಗಸ್ಟ್‌ನಲ್ಲಿ ಕೇಂದ್ರದ ಗುಜರಿ ನೀತಿ ಬಂತು. ಫಿಟ್‌ನೆಸ್‌ನಲ್ಲಿ ಫೇಲಾದ ಗಾಡಿ ರಸ್ತೆಗೆ ಇಳಿಯಬಾರದು, ತಾನಾಗಿ ಗುಜರಿಗೆ ಕೊಟ್ಟವರಿಗೆ ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿ ಎನ್ನುವ ನೀತಿ ಅದು. 2023ರ ಏಪ್ರಿಲ್‌ನಲ್ಲಿ ಸರ್ಕಾರಿ ಇಲಾಖೆಗಳ 15 ವರ್ಷ ದಾಟಿದ ಗಾಡಿಗಳ ನೋಂದಣಿ ನಿಂತಿತು. ಕಚೇರಿ ಹಿಂದೆ ಸಾಲಾಗಿ ನಿಂತ ಜೀಪ್ ನೋಡಿದವರು "ನಮ್ಮದೂ ಇಷ್ಟೇ" ಅಂದುಕೊಂಡರು. ಇಲಾಖೆಯ ಗಾಡಿಗೆ ಇರುವ ನಿಯಮ ನಿಮ್ಮ ಶೆಡ್ಡಿನ ಗಾಡಿಗೆ ಇಲ್ಲ.

ಹಳದಿ ಬೋರ್ಡ್ ಪಿಕಪ್ ಆದರೆ ಲೆಕ್ಕ ಬೇರೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕು.

ವೈಟ್ ಬೋರ್ಡಿನವರು ಮಾಡಬೇಕಾದದ್ದು ಇಷ್ಟು. ಆರ್‌ಸಿ ಅವಧಿ ಮುಗಿಯುವ ಹಿಂದಿನ 60 ದಿನದೊಳಗೆ ಫಾರಂ 25 ತುಂಬಿಸಿ ಮಡಿಕೇರಿ ಆರ್‌ಟಿಒಗೆ ಗಾಡಿ ಕೊಂಡುಹೋಗಬೇಕು. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಗಾಡಿಗೆ 2025ರಲ್ಲಿ 10,000ಕ್ಕೆ ಏರಿಸಿದರು. ಹಸಿರು ತೆರಿಗೆ ಪ್ರತ್ಯೇಕ. ತಡ ಮಾಡಿದರೆ ತಿಂಗಳ ಲೆಕ್ಕದಲ್ಲಿ ದಂಡವೂ ಬೀಳುತ್ತದೆ. ಹಳೆ ಗಾಡಿ ಇಟ್ಟುಕೊಳ್ಳುವುದು ಸರ್ಕಾರಕ್ಕೆ ಇಷ್ಟವಿಲ್ಲ ಎಂಬುದು ಈ ಶುಲ್ಕದಲ್ಲೇ ಗೊತ್ತಾಗುತ್ತದೆ, ಆದರೆ ಬೇಡ ಅಂತ ಅದು ಹೇಳಿಲ್ಲ.

ಇನ್ಸ್‌ಪೆಕ್ಟರ್ ಲೈಟು, ಬ್ರೇಕು, ಹೊಗೆ ಎಲ್ಲ ನೋಡುತ್ತಾರೆ. ನಮ್ಮವರು ಸಿಕ್ಕಿಬೀಳುವುದು ಚಾಸಿ ನಂಬರಿನಲ್ಲಿ. ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ, ಅಂಕಿಗಳು ಆರ್‌ಸಿಗೆ ತಾಳೆಯಾಗಬೇಕು. ಭಾಗಮಂಡಲ, ನಾಪೋಕ್ಲು ಕಡೆಯ ಮಳೆಯಲ್ಲಿ ಚಾಸಿಯ ಮೇಲೆ ಕೆಸರೂ ಕೊಳೆತ ಎಲೆಯೂ ಕೂತು, ಬೇಸಿಗೆಯಲ್ಲೂ ಒಣಗದೆ, ಆ ಅಂಕಿಗಳನ್ನೇ ತುಕ್ಕು ತಿಂದಿರುತ್ತದೆ. ಮಳೆಗಾಲಕ್ಕೆ ಮುಂಚೆ ಅಲ್ಲಿ ತಂತಿ ಬ್ರಷ್ ಹಾಕಿ, ತೊಳೆದು ಒಣಗಿಸಿ ಗ್ರೀಸ್ ಹಚ್ಚಿ. ಖರ್ಚು ಏನೂ ಇಲ್ಲ.

ಇನ್ನು ನೀವು ನಿಜವಾಗಿ ಕೇಳಿದ್ದಕ್ಕೆ ಬರೋಣ.

ಮೊದಲನೆಯದು ಗಾತ್ರ. ಈಗಿನ ಟೊಯೊಟಾ ಹೈಲಕ್ಸ್ ಐದೂಕಾಲು ಮೀಟರಿಗಿಂತ ಉದ್ದ. ವಿಲ್ಲಿಸ್ ಮಾದರಿಯ ಹಳೆ ಜೀಪ್ ಮೂರೂವರೆ ಮೀಟರೂ ಇಲ್ಲ. ಸಿಲ್ವರ್ ಓಕ್ ಸಾಲಿನ ನಡುವೆ, ಒಂದು ಕಡೆ ಮಣ್ಣಿನ ಬರೆ, ಇನ್ನೊಂದು ಕಡೆ ಕಾಫಿ ಗಿಡ ಇರುವ ತಿರುವಿನಲ್ಲಿ ಹಿಂದೆ ಮುಂದೆ ಮಾಡದೆ ಒಂದೇ ಸಲಕ್ಕೆ ತಿರುಗುವ ಗಾಡಿ ತೋಟಕ್ಕೆ ಬೇಕು. ಅಮೆರಿಕದಲ್ಲೂ 1980ರ ದಶಕದ ಸಣ್ಣ ಫೋರ್ಡ್ ರೇಂಜರ್, ಟೊಯೊಟಾ ಪಿಕಪ್‌ಗಳನ್ನು ಜನ ಹುಡುಕುವುದಕ್ಕೆ ಇದೂ ಒಂದು ಕಾರಣ: ಅಲ್ಲಿಯೂ ಹೊಸವು ವರ್ಷ ವರ್ಷ ಊದಿಕೊಂಡಿವೆ.

ಎರಡನೆಯದು ಎಂಜಿನ್. ಇದನ್ನು ಹೇಳಲು ನನಗೆ ಯಾವತ್ತೂ ಖುಷಿ. ಮಹೀಂದ್ರಾ ಎಂಎಂ 540ರಲ್ಲಿ ಇದ್ದದ್ದು ಪ್ಯೂಜೋ ವಿನ್ಯಾಸದ 2,112 ಸಿಸಿ ಡೀಸೆಲ್. ಅರವತ್ತು ಚಿಲ್ಲರೆ ಅಶ್ವಶಕ್ತಿ ಅಷ್ಟೇ, ಆದರೆ ಲೋ ಗೇರ್ ಹಾಕಿದರೆ ಚಕ್ರಕ್ಕೆ ಸಿಗುವ ಎಳೆತ ಸುಮಾರು ಎರಡೂವರೆ ಪಟ್ಟಾಗುತ್ತದೆ. ಒದ್ದೆ ಏರಿಯಲ್ಲಿ ಕಾಫಿ ಚೀಲ ಹೇರಿಕೊಂಡು ಆಮೆಯಂತೆ ಹತ್ತುತ್ತದೆ. ಡೀಸೆಲ್ ಪಂಪ್ ಪೂರ್ತಿ ಮೆಕ್ಯಾನಿಕಲ್, ಕಂಪ್ಯೂಟರ್ ಇಲ್ಲ. ಬ್ಯಾಟರಿ ಇಳಿದಿದ್ದರೆ ಇಳಿಜಾರಿನಲ್ಲಿ ಬಿಟ್ಟು ಎರಡನೇ ಗೇರಿನಲ್ಲಿ ಕ್ಲಚ್ ಬಿಡಿ, ಎಂಜಿನ್ ಬಿಸಿಯಿದ್ದರೆ ಹಿಡಿದುಕೊಳ್ಳುತ್ತದೆ. ಡೀಸೆಲ್ ಖಾಲಿಯಾಗಿ ಏರ್ ಹಿಡಿದರೆ ಫಿಲ್ಟರ್ ಮೇಲಿನ ಬೋಲ್ಟ್ ಸಡಿಲಿಸಿ ಕೈಪಂಪ್ ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್. ಬೋಲ್ಟ್ ಬಿಗಿದು ಸ್ಟಾರ್ಟ್ ಮಾಡಿ. ಒಂದು ಸ್ಪ್ಯಾನರ್ ಸಾಕು. ಜುಲೈಯಲ್ಲಿ ಮರ ಬಿದ್ದು ರಸ್ತೆ ಬಂದಾಗಿ ಕರೆಂಟೂ ನೆಟ್‌ವರ್ಕೂ ಇಲ್ಲದ ಹೊತ್ತಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಹೊಸ ಗಾಡಿಯ ಸೆನ್ಸರ್ ಕೈಕೊಟ್ಟರೆ ಸ್ಕ್ಯಾನರ್ ಇದ್ದವರು ಬರುವವರೆಗೆ ಕಾಯಬೇಕು.

ಬಿಡಿಭಾಗವೂ ಸಿಗುತ್ತದೆ. 1988ರಲ್ಲಿ ಬಂದ ಟಾಟಾ ಮೊಬೈಲ್ 206ರ ಬುಡದ ಮೇಲೆಯೇ ಮುಂದೆ ಸಿಯೆರಾ, ಸುಮೋ ಕಟ್ಟಿದರು. ಹಾಗಾಗಿ ಪಿಕಪ್ ನಿಂತು ಎಷ್ಟೋ ಕಾಲವಾದರೂ ಕೆಲವು ಭಾಗಗಳಿಗೆ ದಾರಿ ಇದ್ದೇ ಇದೆ.

ಆದರೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮೈಸೂರು ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಇದಲ್ಲ. ತೋಟಕ್ಕೆ ಇಟ್ಟುಕೊಳ್ಳಿ.

ನೀವು ಕೇಳದ ಒಂದು ವಿಷಯವಿದೆ. "ಅಪ್ಪನ ಕಾಲದ್ದು" ಅಂದಿರಿ. ಆರ್‌ಸಿ ಈಗ ಯಾರ ಹೆಸರಲ್ಲಿದೆ? ಕೊಡಗಿನ ಎಷ್ಟೋ ಮನೆಗಳಲ್ಲಿ ಜೀಪ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಓಡುತ್ತಿದೆ. ಗುಜರಿ ನೀತಿಗೆ ಹೆದರುವವರು ಇದಕ್ಕೆ ಹೆದರುವುದಿಲ್ಲ, ಅದೇ ನನಗೆ ಅರ್ಥವಾಗದ್ದು. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕು ಎಂದು ನಿಯಮವಿದೆ. ಮಾಡದಿದ್ದರೆ ರಿನ್ಯೂವಲ್‌ಗೆ ಸಹಿ ಹಾಕುವವರೇ ಇರುವುದಿಲ್ಲ. ಅಪಘಾತವಾದರೆ ಇನ್ಶೂರೆನ್ಸ್‌ನವರ ಮೊದಲ ತಕರಾರೂ ಅದೇ. ಈಗಾಗಲೇ ವರ್ಷಗಳು ಕಳೆದಿದ್ದರೂ ದಾರಿ ಮುಚ್ಚಿಲ್ಲ. ಮರಣ ಪ್ರಮಾಣಪತ್ರ ಹುಡುಕಿ ಇಟ್ಟುಕೊಳ್ಳಿ. ಬೆಂಗಳೂರಲ್ಲಿರುವ ಅಣ್ಣ ತಮ್ಮ, ಅಕ್ಕ ತಂಗಿಯರು ಪುತ್ತರಿಗೆ ಮನೆಗೆ ಬಂದಾಗಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಹೆಸರು ಬದಲಾದ ಮೇಲೆ ಫಾರಂ 25ರ ಕೆಲಸ. 2021ರಿಂದ ಆರ್‌ಸಿಯಲ್ಲೇ ನಾಮಿನಿ ಹೆಸರು ಸೇರಿಸುವ ಅವಕಾಶವೂ ಇದೆ, ಅದನ್ನೂ ಒಟ್ಟಿಗೇ ಬರೆಸಿಬಿಡಿ.